ಕೆಟಲ್‌ಬೆಲ್ ಸ್ವಿಂಗ್: ಮುಂಬಯಿಯ ಸಣ್ಣ ಮನೆಗಳಲ್ಲಿ ಮಾಡಬಹುದಾದ ಇಂಟರ್ವಲ್ ವ್ಯಾಯಾಮ

ಡೊಂಬಿವಲಿಯಿಂದ ಫೋರ್ಟ್‌ನ ಕಚೇರಿಗೆ ದಿನವೂ ಹೋಗಿಬರುವವರಿಗೆ ಮನೆ, ನಿಲ್ದಾಣ, ಲೋಕಲ್ ರೈಲು ಎಲ್ಲ ಸೇರಿ ಮೂರು ತಾಸು ದಾರಿಯಲ್ಲಿಯೇ ಕಳೆದುಹೋಗುತ್ತದೆ. ಅದರ ಮೇಲೆ ಜಿಮ್‌ಗೂ ಹೋಗಬೇಕೆಂದರೆ ನಿದ್ದೆಯಿಂದಲೇ ಒಂದು ತಾಸು ಕಡಿದುಕೊಳ್ಳಬೇಕು. ಹಾಗೆ ವರ್ಷದ ಶುಲ್ಕ ಕಟ್ಟಿ ಎರಡನೆಯ ತಿಂಗಳಿಗೇ ಕೈಬಿಟ್ಟವರಲ್ಲಿ ನಾನೂ ಒಬ್ಬ. ಕೊನೆಗೆ ನನ್ನ ಪಾಲಿಗೆ ಉಳಿದದ್ದು ಹಾಲ್‌ನಲ್ಲಿ ಸೋಫಾದ ಮುಂದಿನ ಒಂದಿಷ್ಟು ಜಾಗ, ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷ ಮತ್ತು ಒಂದು ಕಬ್ಬಿಣದ ಗುಂಡು. ಆ ಗುಂಡನ್ನು ಸರಿಯಾಗಿ ಬೀಸುವುದು ಹೇಗೆ, ಎಷ್ಟು ಹೊತ್ತು ಬೀಸಿ ಎಷ್ಟು ಹೊತ್ತು ನಿಲ್ಲಬೇಕು, ಹೊಸಬರಿಗೂ ಪಳಗಿದವರಿಗೂ ಅರವತ್ತು ದಾಟಿದವರಿಗೂ ಈ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಗುಂಡನ್ನು ಕಂಡವರೆಲ್ಲ ಮೊದಲು ಕೇಳುವುದು ಅದು ಎಷ್ಟು ಕಿಲೋ ಎಂದು. ನಾನು ನೋಡಿದ ಮಟ್ಟಿಗೆ, ಎಷ್ಟು ವಿರಾಮ ಬೇಕೆಂದು ಅರಿತುಕೊಂಡವರೇ ಈ ವ್ಯಾಯಾಮದಲ್ಲಿ ಬಹುಕಾಲ ನಿಲ್ಲುತ್ತಾರೆ.

ಈ ಗುಂಡಿನ ಹೆಸರೇ ಕೆಟಲ್‌ಬೆಲ್. ಮೇಲೆ ಹಿಡಿಯಿದ್ದು, ನೋಡಲು ಮೂತಿಯಿಲ್ಲದ ಚಹಾ ಕೆಟಲಿನಂತಿರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಗಳ ನಡುವಿನಿಂದ ಎದೆಯ ಮಟ್ಟಕ್ಕೆ ಬೀಸುವುದೇ ಸ್ವಿಂಗ್. ರಷ್ಯಾದಲ್ಲಿ ಇದನ್ನು ಗೀರ್ಯಾ ಎನ್ನುತ್ತಾರೆ. ಧಾನ್ಯ ತೂಗುವ ತೂಕದ ಬಟ್ಟಾಗಿದ್ದದ್ದು ಕ್ರಮೇಣ ಬಲಪ್ರದರ್ಶನದ ಸಾಧನವಾಯಿತು ಎಂದು ಇದರ ಮೂಲವನ್ನು ಹೇಳುವುದು ವಾಡಿಕೆ. ಅಲ್ಲಿನ ಹಳೆಯ ತೂಕದ ಮಾನವಾದ ಪೂದ್ ಸುಮಾರು 16.38 ಕಿಲೋಗ್ರಾಂ ಇತ್ತು. ಇಂದಿಗೂ ಅಂಗಡಿಗಳಲ್ಲಿ 16, 24, 32 ಕಿಲೋ ಎಂಬ ವಿಚಿತ್ರ ಅಂಕಿಗಳು ಕಾಣಿಸುವುದಕ್ಕೆ ಈ ಒಂದು, ಒಂದೂವರೆ, ಎರಡು ಪೂದ್‌ಗಳ ಲೆಕ್ಕವೇ ಕಾರಣ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು, ಗರಡಿಮನೆಯಲ್ಲಿ ಗದೆ ತಿರುಗಿಸುವುದನ್ನು ಕಂಡವರಿಗೆ ಇದು ತೀರ ಪರಕೀಯವೆನಿಸಲಾರದು. ಗದೆಯಲ್ಲಿರುವಂತೆ ಇಲ್ಲಿಯೂ ಭಾರವು ಅಂಗೈಯಿಂದ ದೂರದಲ್ಲಿರುತ್ತದೆ. ಆದ್ದರಿಂದಲೇ ಗುಂಡು ಉಯ್ಯಾಲೆಯಂತೆ ತೂಗುತ್ತದೆ, ಮತ್ತು ಉಯ್ಯಾಲೆ ತೂಗುವವರಿಗೆ ಗೊತ್ತಿರುವಂತೆ ಇಲ್ಲಿ ತೋಳಿನ ಬಲಕ್ಕಿಂತ ತಳ್ಳುವ ಹೊತ್ತಿಗೆ ಬೆಲೆ ಹೆಚ್ಚು.

ಒಂದೇ ಚಲನೆಯಲ್ಲಿ ಪೃಷ್ಠ, ತೊಡೆಯ ಹಿಂಭಾಗ, ಬೆನ್ನು, ಹೊಟ್ಟೆ ಮತ್ತು ಹಿಡಿತ ಐದೂ ಕೆಲಸ ಮಾಡುವುದರಿಂದ ಉಸಿರು ಬೇಗನೆ ಏರುತ್ತದೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 16 ಕಿಲೋ ಗುಂಡನ್ನು 12 ನಿಮಿಷ ತಮ್ಮಿಂದಾದಷ್ಟು ಸಲ ಬೀಸಿದ ಯುವಕರ ಹೃದಯ ಬಡಿತ ಅವರ ಗರಿಷ್ಠ ಮಟ್ಟದ ಸುಮಾರು 87 ಪ್ರತಿಶತಕ್ಕೆ ಏರಿತ್ತು. ಇದು ವೇಗವಾಗಿ ಓಡುವವರ ಬಡಿತ. ಆದರೂ ಎರಡೂ ಪಾದಗಳು ನೆಲಬಿಟ್ಟು ಏಳುವುದಿಲ್ಲವಾದ್ದರಿಂದ ಮಂಡಿಗೆ ಜಿಗಿತದ ಪೆಟ್ಟಿಲ್ಲ, ಕೆಳಗಿನ ಮನೆಯವರಿಂದ ಸೊಸೈಟಿಯ ಕಾರ್ಯದರ್ಶಿಗೆ ದೂರೂ ಹೋಗುವುದಿಲ್ಲ.

ಮೊದಲು ವೈದ್ಯರನ್ನು ಕೇಳಬೇಕಾದವರು

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ, ಬೆನ್ನಿನ ಡಿಸ್ಕ್ ಜಾರಿರುವ ಇತಿಹಾಸ, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಾದರೂ ಇದ್ದವರು ತಮ್ಮ ವೈದ್ಯರನ್ನು ಕೇಳದೆ ಆರಂಭಿಸಬಾರದು. ಗರ್ಭಿಣಿಯರಿಗೂ ಇತ್ತೀಚೆಗೆ ಹೆರಿಗೆಯಾದವರಿಗೂ ಇದೇ ಮಾತು ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು, ಏಕೆಂದರೆ ತೀವ್ರ ವ್ಯಾಯಾಮದ ನಂತರ ಸಕ್ಕರೆಯ ಪ್ರಮಾಣ ಇದ್ದಕ್ಕಿದ್ದಂತೆ ಇಳಿಯಬಹುದು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನುಂಗುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು: ಆ ಮಾತ್ರೆ ಹೃದಯ ಬಡಿತವನ್ನು ತಗ್ಗಿಸಿಡುವುದರಿಂದ ಕೈಗಡಿಯಾರ ತೋರಿಸುವ ಅಂಕಿಯನ್ನು ನೋಡಿ ಇನ್ನೂ ಆಯಾಸವಾಗಿಲ್ಲವೆಂದು ಭಾವಿಸಿದರೆ ಮೋಸ ಹೋಗುತ್ತಾರೆ. ಅಂಥವರಿಗೆ ಉಸಿರೇ ಅಳತೆ, ಅದನ್ನು ಅಳೆಯುವ ಬಗೆಯನ್ನು ಮುಂದೆ ಹೇಳಿದ್ದೇನೆ.

ಬೆನ್ನಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಿಂಗ್ ಮಾಡುವಾಗ ಕೆಳಬೆನ್ನಿನ ಮೂಳೆಗಳ ಮೇಲೆ ಬೀಳುವ ಅಡ್ಡಸೆಳೆತದ ದಿಕ್ಕು ಸಾಮಾನ್ಯವಾಗಿ ಭಾರ ಎತ್ತುವಾಗ ಬೀಳುವ ಸೆಳೆತಕ್ಕೆ ವಿರುದ್ಧವಾಗಿರುತ್ತದೆ ಎಂದು ತೋರಿಸಿದರು. ಆದ್ದರಿಂದ ಕೆಲವರಿಗೆ ಸ್ವಿಂಗ್‌ನಿಂದ ಬೆನ್ನು ಹಗುರವಾದಂತೆ ಅನಿಸಿದರೆ, ಬೇರೆ ಭಾರಗಳನ್ನು ಸಲೀಸಾಗಿ ಎತ್ತುವ ಕೆಲವರಿಗೆ ಇದೇ ಸ್ವಿಂಗ್ ಒಗ್ಗದೆ ಹೋಗಬಹುದು. ಯಾರೋ ಗೆಳೆಯರ ಬೆನ್ನುನೋವು ಇದರಿಂದ ವಾಸಿಯಾಯಿತೆಂದು ನೀವು ನಿಮ್ಮ ಬೆನ್ನಿನ ಮೇಲೆ ಪ್ರಯೋಗ ಮಾಡಬೇಡಿ.

ಗುಂಡು, ನೆಲ, ಜಾಗ

ವ್ಯಾಯಾಮದ ಅಭ್ಯಾಸವಿಲ್ಲದ ಮಹಿಳೆಯರು 8 ಕಿಲೋ, ಪುರುಷರು 12 ಕಿಲೋ ಕೊಂಡು ಆರಂಭಿಸಬಹುದು; ಮೊದಲಿನಿಂದ ಭಾರ ಎತ್ತುವ ರೂಢಿಯಿದ್ದವರು ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳಲಿ. ಅಚ್ಚೆರಕದ ಕಬ್ಬಿಣದ ಗುಂಡುಗಳು ತೂಕ ಹೆಚ್ಚಿದಂತೆ ಗಾತ್ರದಲ್ಲಿಯೂ ಬೆಳೆಯುತ್ತವೆ. ಸ್ಪರ್ಧೆಯ ಉಕ್ಕಿನ ಗುಂಡುಗಳು ಎಲ್ಲ ತೂಕಕ್ಕೂ ಒಂದೇ ಗಾತ್ರದಲ್ಲಿದ್ದು ಬಣ್ಣದಿಂದ ಗುರುತಿಸಲ್ಪಡುತ್ತವೆ: 8 ಕಿಲೋ ಗುಲಾಬಿ, 12 ನೀಲಿ, 16 ಹಳದಿ, 24 ಹಸಿರು, 32 ಕೆಂಪು. ಮನೆಯ ಬಳಕೆಗೆ ಅಚ್ಚೆರಕದ್ದೇ ಸಾಕು. ಪ್ಲಾಸ್ಟಿಕ್ ಹೊದಿಕೆಯೊಳಗೆ ಸಿಮೆಂಟ್ ತುಂಬಿದ ಅಗ್ಗದ ಗುಂಡುಗಳನ್ನು ಮಾತ್ರ ಕೊಳ್ಳಬೇಡಿ. ಅವು ತೂಕಕ್ಕೆ ಮೀರಿದ ದಪ್ಪವಿದ್ದು ತೊಡೆಗಳ ನಡುವೆ ಹಾಯುವಾಗ ತಾಗುತ್ತವೆ. ಕೊಳ್ಳುವ ಮೊದಲು ಹಿಡಿಯ ಒಳಬದಿಯಲ್ಲಿ ಬೆರಳಾಡಿಸಿ ನೋಡಿ. ಎರಕದ ಅಂಚು ಚೂಪಾಗಿ ಉಳಿದಿದ್ದರೆ ಒಂದೇ ವಾರದಲ್ಲಿ ಅಂಗೈ ಸುಲಿಯುತ್ತದೆ. ಎರಡೂ ಕೈಗಳು ಹಿಡಿಯಲ್ಲಿ ಆರಾಮವಾಗಿ ಹಿಡಿಸಬೇಕು.

ಟೈಲ್ಸ್ ನೆಲದ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ, ಅದರ ಮೇಲೆ ಬರಿಗಾಲಲ್ಲಿ ಅಥವಾ ಚಪ್ಪಟೆ ಅಟ್ಟೆಯ ಬೂಟಿನಲ್ಲಿ ನಿಲ್ಲಿ. ಯೋಗದ ಮೆತ್ತನೆಯ ಚಾಪೆ ಕಾಲಡಿಯಲ್ಲಿ ಜಾರುತ್ತದೆ, ಅದು ಬೇಡ. ಮುಂದೆ ಮತ್ತು ಹಿಂದೆ ನಾಲ್ಕು ನಾಲ್ಕು ಅಡಿ ಜಾಗ ಖಾಲಿಯಿರಲಿ, ಮಕ್ಕಳು ಆ ಕೋಣೆಯಲ್ಲಿ ಇರದಿರಲಿ. ಟೀವಿಗೆ ಮುಖಮಾಡಿ ಬೀಸುವ ಆಸೆ ಎಲ್ಲರಿಗೂ ಬರುತ್ತದೆ. ಬೆವರಿದ ಕೈಯಿಂದ ಗುಂಡು ಜಾರಿದರೆ ಅದು ಹೋಗುವುದು ನೇರ ಮುಂದಕ್ಕೆ, ಆದ್ದರಿಂದ ಸೋಫಾಕ್ಕೆ ಮುಖಮಾಡಿ ನಿಲ್ಲುವುದು ಜಾಣತನ.

ಚಲನೆಯನ್ನು ಕಲಿಯುವ ಕ್ರಮ

ಸ್ವಿಂಗ್ ಎಂಬುದು ಬೈಠಕ್ ಅಲ್ಲ. ಬೈಠಕ್‌ನಲ್ಲಿ ಮಂಡಿ ಮಡಚಿ ಸೊಂಟ ಕೆಳಗಿಳಿಯುತ್ತದೆ, ಸ್ವಿಂಗ್‌ನಲ್ಲಿ ಸೊಂಟ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಎರಡೂ ಕೈಯಲ್ಲಿ ಪಾತ್ರೆ ಹಿಡಿದಿರುವಾಗ ತೆರೆದ ಫ್ರಿಜ್‌ನ ಬಾಗಿಲನ್ನು ಪೃಷ್ಠದಿಂದ ತಳ್ಳಿ ಮುಚ್ಚುತ್ತೇವಲ್ಲ, ಆ ಚಲನೆಯೇ ಇದರ ಜೀವ. ಗೋಡೆಗೆ ಬೆನ್ನುಮಾಡಿ ಒಂದು ಗೇಣು ದೂರದಲ್ಲಿ ನಿಂತು, ಮಂಡಿಯನ್ನು ತುಸುವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ಸರಿಸಿ ಗೋಡೆಯನ್ನು ಮುಟ್ಟಿ ನೆಟ್ಟಗೆ ನಿಲ್ಲಿ. ಹತ್ತು ಸಲ ಸಲೀಸಾಗಿ ಬಂದರೆ ಇನ್ನೂ ನಾಲ್ಕು ಬೆರಳು ಮುಂದೆ ಸರಿದು ಮಾಡಿ. ಬೆನ್ನು ಗೂನಾಗುತ್ತಿದೆಯೇ ಎಂದು ತಿಳಿಯಲು ನೆಲ ಒರೆಸುವ ಕೋಲನ್ನು ಬೆನ್ನಿನುದ್ದಕ್ಕೂ ಹಿಡಿದು ಬಾಗಿ ನೋಡಿ: ತಲೆಯ ಹಿಂಭಾಗ, ಭುಜಗಳ ನಡುವೆ, ಬೆನ್ನಿನ ತಳ ಈ ಮೂರು ಕಡೆ ಕೋಲು ತಾಗಿಕೊಂಡೇ ಇರಬೇಕು. ಒಂದು ಕಡೆ ಬಿಟ್ಟರೂ ಗುಂಡು ಮುಟ್ಟುವ ಕಾಲ ಇನ್ನೂ ಬಂದಿಲ್ಲ.

ಎರಡನೆಯದಾಗಿ, ಗುಂಡನ್ನು ಎರಡು ಪಾದಗಳ ನಡುವೆ ಹಿಮ್ಮಡಿಯ ನೇರಕ್ಕೆ ಇಟ್ಟು, ಅದೇ ರೀತಿ ಸೊಂಟವನ್ನು ಹಿಂದೆ ಸರಿಸಿ ಬಾಗಿ ಎತ್ತಿ ನಿಂತು ಮತ್ತೆ ಅಲ್ಲಿಯೇ ಇಡುವ ಡೆಡ್‌ಲಿಫ್ಟ್ ಅಭ್ಯಾಸವನ್ನು ಮಾಡಬೇಕು. ಪಾದಗಳು ಭುಜದ ಅಗಲಕ್ಕಿಂತ ತುಸು ಹೆಚ್ಚು ಅಂತರದಲ್ಲಿದ್ದು ಬೆರಳುಗಳು ಸ್ವಲ್ಪ ಹೊರಮುಖವಾಗಿರಲಿ. ಎತ್ತುವ ಮೊದಲೇ ಕಂಕುಳಲ್ಲಿ ಪುಸ್ತಕ ಅದುಮಿ ಹಿಡಿದವರಂತೆ ತೋಳನ್ನು ಬಿಗಿ ಮಾಡಿಕೊಂಡರೆ ಮೇಲ್ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಎರಡು ವಾರ ಇದನ್ನೇ ಮಾಡಿದವರು ಮುಂದೆ ಯಾವುದನ್ನೂ ಮರಳಿ ಕಲಿಯಬೇಕಾಗುವುದಿಲ್ಲ.

ಮೂರನೆಯ ಮೆಟ್ಟಿಲು ಹಿಂದಕ್ಕೆಳೆಯುವುದು. ಗುಂಡನ್ನು ಪಾದಗಳಿಂದ ಒಂದಡಿ ಮುಂದೆ ಇಟ್ಟು, ಬಾಗಿ, ಹಿಡಿಯನ್ನು ನಿಮ್ಮ ಕಡೆಗೆ ವಾಲಿಸಿ ಹಿಡಿಯಿರಿ. ನಂತರ ತೊಡೆಗಳ ನಡುವಿನಿಂದ ಅದನ್ನು ಹಿಂದಕ್ಕೆ ಸೆಳೆದು, ಮತ್ತೆ ಮುಂದೆ ಅದೇ ಜಾಗದಲ್ಲಿ ಇಡಿ. ಮೇಲೇಳಬೇಡಿ. ಮುಂಗೈಗಳು ತೊಡೆಯ ಒಳಭಾಗದ ಮೇಲ್ತುದಿಗೆ ತಾಗಬೇಕು; ಗುಂಡು ಮಂಡಿಗಿಂತ ಕೆಳಗೆ ಹಾಯ್ದರೆ ಬೆನ್ನು ಅದನ್ನು ಹಿಂಬಾಲಿಸಿ ಬಾಗುತ್ತದೆ. ನೋಡಲು ಕ್ಷುಲ್ಲಕವಾದ ಈ ಅಭ್ಯಾಸವನ್ನು ಹಾರಿಸಿದವರ ಮೊದಲ ಸ್ವಿಂಗ್ ಯಾವಾಗಲೂ ಕೆಡುತ್ತದೆ, ಮೊದಲನೆಯದು ಕೆಟ್ಟರೆ ಉಳಿದ ಒಂಬತ್ತೂ ಅದರ ಹಿಂದೆಯೇ ಕೆಡುತ್ತವೆ.

ಈಗ ಸ್ವಿಂಗ್. ಹಿಂದಕ್ಕೆಳೆದ ಗುಂಡು ಅಲ್ಲಿಂದ ಮರಳುವ ಕ್ಷಣದಲ್ಲಿ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಸೊಂಟವನ್ನು ಚಕ್ಕನೆ ಮುಂದೆ ತಂದು, ಪೃಷ್ಠವನ್ನು ಬಿಗಿದು ಕಂಬದಂತೆ ನಿಲ್ಲಿ. ತೋಳುಗಳು ಹಗ್ಗವೆಂದುಕೊಳ್ಳಿ. ಗುಂಡು ತಾನೇ ಎದೆಯ ಮಟ್ಟಕ್ಕೆ ತೇಲಿಬರುತ್ತದೆ. ಸೊಂಟದ ತಳ್ಳುವಿಕೆ ದುರ್ಬಲವಾಗಿದ್ದರೆ ಹೊಟ್ಟೆಯ ಮಟ್ಟಕ್ಕಷ್ಟೇ ಬರಬಹುದು, ಬರಲಿ, ಭುಜದಿಂದ ಎಳೆದು ಮೇಲೇರಿಸಬೇಡಿ. ಮೇಲೆ ನಿಂತಾಗ ಹಿಂದಕ್ಕೆ ವಾಲಬೇಡಿ. ಗುಂಡು ಇಳಿಯಲಾರಂಭಿಸಿದೊಡನೆ ಬಾಗುವುದು ಹೊಸಬರ ಅವಸರ. ತೋಳುಗಳು ಬಂದು ಪಕ್ಕೆಗೆ ತಾಗುವವರೆಗೆ ನೆಟ್ಟಗೇ ನಿಂತಿದ್ದು, ಇನ್ನೇನು ಗುಂಡು ಬಡಿಯಿತು ಎನ್ನುವಾಗ ಸೊಂಟವನ್ನು ಹಿಂದೆ ಸರಿಸಿ ಅದಕ್ಕೆ ದಾರಿ ಬಿಡಬೇಕು. ಕಣ್ಣು ಕೆಳಗಿಳಿದಾಗ ಆರೆಂಟು ಅಡಿ ಮುಂದಿನ ನೆಲದಲ್ಲಿಯೂ ನಿಂತಾಗ ಎದುರಿಗೂ ಇರಲಿ. ಕೆಳಗಿಳಿಯುವಾಗ ಮೂಗಿನಿಂದ ಉಸಿರೆಳೆದು, ಮೇಲೆ ನಿಲ್ಲುವಾಗ ಹುಸ್ಸೆಂದು ಬಾಯಿಂದ ಚಿಕ್ಕದಾಗಿ ಬಿಡಿ. ರಕ್ತದೊತ್ತಡವಿರುವವರು ಉಸಿರು ಬಿಗಿಹಿಡಿಯಲೇಬಾರದು.

ನಿಲ್ಲಿಸುವುದೂ ಒಂದು ವಿದ್ಯೆಯೇ. ಕೊನೆಯ ಸ್ವಿಂಗ್ ಮುಗಿದೊಡನೆ ಮೈಯನ್ನು ಸಡಿಲ ಬಿಟ್ಟು ಗುಂಡನ್ನು ಹೇಗೋ ನೆಲಕ್ಕೆ ಹಾಕುವವರಿಗೆ ಅಲ್ಲಿಯೇ ಬೆನ್ನು ಉಳುಕುತ್ತದೆ. ಗುಂಡು ಕೊನೆಯ ಸಲ ಹಿಂದೆ ಹೋಗಿ ಬರುವಾಗ ಬೆನ್ನನ್ನು ನೆಟ್ಟಗಿಟ್ಟುಕೊಂಡೇ ಅದನ್ನು ಮೂಲ ಜಾಗದಲ್ಲಿ ಸದ್ದಿಲ್ಲದೆ ಇಡಬೇಕು, ಆನಂತರವೇ ಕೈಬಿಡಬೇಕು.

ತೋಳಿನಿಂದ ಎತ್ತುತ್ತಿದ್ದೀರೋ ಸೊಂಟದಿಂದ ತಳ್ಳುತ್ತಿದ್ದೀರೋ ಎಂಬುದನ್ನು ಒಂದು ಟವೆಲ್ ಹೇಳಿಕೊಡುತ್ತದೆ. ಚಿಕ್ಕ ಟವೆಲನ್ನು ಹಿಡಿಯೊಳಗೆ ತೂರಿಸಿ, ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ಐದು ಸಲ ಮೆಲ್ಲನೆ ಬೀಸಿ. ತೋಳು, ಟವೆಲ್, ಗುಂಡು ಒಂದೇ ಗೆರೆಯಲ್ಲಿದ್ದರೆ ಬಲ ಸೊಂಟದಿಂದ ಬರುತ್ತಿದೆ. ಗುಂಡು ಕೆಳಗೆ ಜೋತುಬಿದ್ದು ಟವೆಲ್ ಮುರಿದಂತೆ ಕಂಡರೆ ಭುಜ ಎತ್ತುತ್ತಿದೆ. ಈ ಪರೀಕ್ಷೆ ನನಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು. ಗುಂಡು ಮನೆಗೆ ಬಂದ ಮೊದಲ ಭಾನುವಾರ ಮೊಬೈಲ್‌ನಲ್ಲಿ ಕಂಡದ್ದನ್ನು ನಂಬಿ, 16 ಕಿಲೋದ ಗುಂಡನ್ನು ಬೈಠಕ್‌ನಂತೆ ಕುಕ್ಕರಿಸಿ ಎದ್ದು ನೂರು ಸಲ ಒಂದೇ ಸಮನೆ ಬೀಸಿದೆ. ಮುಂದಿನ ನಾಲ್ಕು ದಿನ ಲೋಕಲ್‌ನಲ್ಲಿ ಮೇಲಿನ ಹಿಡಿಕೆಗೆ ಕೈಯೆತ್ತಲಾಗದೆ, ಬೂಟಿನ ದಾರ ಕಟ್ಟಲು ಬಾಗಲಾಗದೆ, ಕಚೇರಿಗೆ ಚಪ್ಪಲಿಯಲ್ಲಿಯೇ ಹೋಗಿದ್ದೆ.

ಉಸಿರನ್ನು ಅಳೆಯುವುದು

ಇಂಟರ್ವಲ್ ಎಂದರೆ ನಿಗದಿತ ಹೊತ್ತು ಕೆಲಸ, ನಿಗದಿತ ಹೊತ್ತು ವಿರಾಮ. ಶಿವಾಜಿ ಪಾರ್ಕ್‌ನಲ್ಲಿ ಮಲ್ಲಕಂಬ ಕಲಿಯುವ ಮಕ್ಕಳನ್ನು ಗಮನಿಸಿದರೆ ಇದರ ತತ್ವ ಕಾಣುತ್ತದೆ: ಕಂಬವೇರಿದ ಮಗು ಕೆಲವೇ ಕ್ಷಣ ಕಸರತ್ತು ಮಾಡಿ ಇಳಿದು, ಮುಂದಿನ ಸರದಿ ಬರುವವರೆಗೆ ನಿಂತಿರುತ್ತದೆ. ಆ ಕಾಯುವಿಕೆಯಿಂದಾಗಿಯೇ ಮುಂದಿನ ಸರದಿಯಲ್ಲಿಯೂ ಅದರ ಹಿಡಿತ ಸಡಿಲವಾಗುವುದಿಲ್ಲ. ಸ್ವಿಂಗ್‌ನಲ್ಲಿಯೂ ಹತ್ತನೆಯ ಸುತ್ತಿನ ಕೊನೆಯ ಬೀಸು ಮೊದಲ ಸುತ್ತಿನ ಮೊದಲ ಬೀಸಿನಂತೆಯೇ ಇರಬೇಕು. ಇರುವಂತೆ ನೋಡಿಕೊಳ್ಳುವುದು ವಿರಾಮದ ಕೆಲಸ.

ಗರಿಷ್ಠ ಹೃದಯ ಬಡಿತಕ್ಕೆ 220ರಿಂದ ವಯಸ್ಸನ್ನು ಕಳೆಯುವ ಪ್ರಸಿದ್ಧ ಸೂತ್ರವಿದೆ. ಅದರಂತೆ 45 ವಯಸ್ಸಿನವರಿಗೆ 175 ಬರುತ್ತದೆ. ಆದರೆ ವ್ಯಕ್ತಿಯಿಂದ ವ್ಯಕ್ತಿಗೆ ಹತ್ತಾರು ಬಡಿತ ಆಚೀಚೆಯಾಗುವ ಸ್ಥೂಲ ಅಂದಾಜು ಅದು. ನಾನು ಅದಕ್ಕಿಂತ ಮಗ್ಗಿಯನ್ನು ನಂಬುತ್ತೇನೆ. ವಿರಾಮ ಮುಗಿಯಲು ಐದು ಸೆಕೆಂಡ್ ಇರುವಾಗ, ಶಾಲೆಯಲ್ಲಿ ಹೇಳುತ್ತಿದ್ದಂತೆ ಮೂರೊಂದ್ಲ ಮೂರು, ಮೂರೆರಡ್ಲ ಆರು, ಮೂರ್ಮೂರ್ಲ ಒಂಬತ್ತು ಎಂದು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಹೇಳಿ. ಸಲೀಸಾಗಿ ಬಂದರೆ ಮುಂದಿನ ಸುತ್ತಿಗೆ ಸಿದ್ಧರಿದ್ದೀರಿ. ಮೂರೆರಡ್ಲ ಎಂಬಲ್ಲಿ ಉಸಿರು ತುಂಡಾದರೆ ಇನ್ನೂ ಅರ್ಧ ನಿಮಿಷ ನಿಲ್ಲಿ. ಎರಡು ಸುತ್ತು ಸತತವಾಗಿ ತುಂಡಾದರೆ ಆ ದಿನದ ವ್ಯಾಯಾಮ ಅಲ್ಲಿಗೇ ಮುಗಿಯಿತು. ಗಡಿಯಾರ ಏನೇ ಹೇಳಲಿ, ಈ ಮಗ್ಗಿಗೆ ಮೇಲ್ಮನವಿಯಿಲ್ಲ.

ವಿರಾಮದಲ್ಲಿ ಕುಳಿತುಕೊಳ್ಳಬೇಡಿ, ಬಾಗಿ ಮಂಡಿಗೆ ಕೈಯೂರಿ ನಿಲ್ಲಲೂಬೇಡಿ. ಕೋಣೆಯಲ್ಲಿಯೇ ಮೆಲ್ಲನೆ ಅಡ್ಡಾಡುತ್ತ ಕೈ ಕೊಡವಿಕೊಳ್ಳಿ.

ಹಂತಗಳು

ಪ್ರತಿ ಹಂತದಲ್ಲಿಯೂ ದಿನದ ಕ್ರಮ ಒಂದೇ. ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಲು ನಿಂತಲ್ಲೇ ನಡಿಗೆ, ಭುಜ ತಿರುಗಿಸುವುದು, ಗೋಡೆಯೆದುರಿನ ಅಭ್ಯಾಸ ಮತ್ತು ಹತ್ತು ಡೆಡ್‌ಲಿಫ್ಟ್. ನಂತರ ಸುಮಾರು ಹತ್ತು ನಿಮಿಷ ಇಂಟರ್ವಲ್. ಕೊನೆಗೆ ಉಸಿರು ಇಳಿಯುವವರೆಗೆ ನಡಿಗೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ತಯಾರಿಯ ಎರಡು ವಾರಗಳಲ್ಲಿ ಸ್ವಿಂಗ್ ಇಲ್ಲ. ಪ್ರತಿ ನಿಮಿಷದ ಆರಂಭದಲ್ಲಿ ಐದು ಡೆಡ್‌ಲಿಫ್ಟ್ ಮಾಡಿ, ನಿಮಿಷದ ಉಳಿದ ಭಾಗವನ್ನು ವಿರಾಮಕ್ಕೆ ಬಿಡಿ. ಹೀಗೆ ಎಂಟು ನಿಮಿಷ. ಎರಡನೆಯ ವಾರ ಕೊನೆಯ ಎರಡು ನಿಮಿಷಗಳಲ್ಲಿ ಹಿಂದಕ್ಕೆಳೆಯುವ ಅಭ್ಯಾಸ ಸೇರಿಸಿ.

ಮೊದಲ ಹಂತದಲ್ಲಿ 15 ಸೆಕೆಂಡ್ ಸ್ವಿಂಗ್, 45 ಸೆಕೆಂಡ್ ವಿರಾಮ. ಎರಡು ಕೈಯ ಸ್ವಿಂಗ್ ನಿಮಿಷಕ್ಕೆ ಸುಮಾರು 40ರ ಗತಿಯಲ್ಲಿ ಸಾಗುವುದರಿಂದ 15 ಸೆಕೆಂಡಿಗೆ ಹತ್ತು ಬೀಸು ಬರುತ್ತವೆ, ಲೆಕ್ಕಕ್ಕೂ ಸುಲಭ. ಮೊದಲ ವಾರ ಆರು ಸುತ್ತು, ಆಮೇಲೆ ವಾರಕ್ಕೊಂದು ಸುತ್ತು ಹೆಚ್ಚಿಸಿ ಐದನೆಯ ವಾರಕ್ಕೆ ಹತ್ತು ಸುತ್ತಿಗೆ ತಲುಪಿದರೆ ದಿನಕ್ಕೆ ನೂರು ಬೀಸಾಯಿತು. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ಹೆಚ್ಚು ವಿರಾಮವೇ ಎಂದು ಮೊದಲ ಮೂರು ಸುತ್ತುಗಳಲ್ಲಿ ಎಲ್ಲರಿಗೂ ಅನಿಸುತ್ತದೆ. ಏಳನೆಯ ಸುತ್ತಿನಲ್ಲಿ ಯಾರೂ ಹಾಗೆನ್ನುವುದಿಲ್ಲ. ದಿನವಿಡೀ ಕುಳಿತು ಕೆಲಸ ಮಾಡುವವರ ಸೊಂಟದ ಮುಂಭಾಗ ಬಿಗಿದುಕೊಂಡಿರುವುದರಿಂದ ಅವರು ಬಿಸಿ ಮಾಡಿಕೊಳ್ಳಲು ಎರಡು ನಿಮಿಷ ಹೆಚ್ಚು ಕೊಡಬೇಕು. ಮಾಟುಂಗಾದಲ್ಲಿಯೋ ಠಾಣೆಯಲ್ಲಿಯೋ ಹೋಟೆಲಿನ ಕೌಂಟರ್ ಮತ್ತು ಅಡುಗೆಮನೆಯಲ್ಲಿ ಹತ್ತು ತಾಸು ನಿಂತೇ ದುಡಿಯುವವರು ರಾತ್ರಿ ಕೆಲಸ ಮುಗಿಸಿ ಬಂದು ಬೀಸುವುದಕ್ಕಿಂತ ಬೆಳಗಿನ ಪಾಳಿಗೆ ಮುನ್ನ, ಕಾಲು ದಣಿಯದಿರುವಾಗ ಮಾಡುವುದು ಒಳ್ಳೆಯದು.

ಹತ್ತೂ ಸುತ್ತುಗಳಲ್ಲಿ ಮಗ್ಗಿ ತಪ್ಪದೆ ಬರುವುದು ಎರಡು ವಾರ ಸತತವಾಗಿ ನಡೆದರೆ ಎರಡನೆಯ ಹಂತಕ್ಕೆ ಬರಬಹುದು. ಇಲ್ಲಿ ಮೊದಲು 20 ಸೆಕೆಂಡ್ ಕೆಲಸ, 40 ಸೆಕೆಂಡ್ ವಿರಾಮ. ಮೂರು ನಾಲ್ಕು ವಾರಗಳ ನಂತರ 30 ಸೆಕೆಂಡ್ ಕೆಲಸ, 30 ಸೆಕೆಂಡ್ ವಿರಾಮ. ಕಬಡ್ಡಿಯಲ್ಲಿ ಒಂದು ರೈಡ್‌ಗೆ ಕೊಡುವ ಸಮಯವೂ 30 ಸೆಕೆಂಡೇ. ಮುಂಬಯಿಯಲ್ಲಿ ಕಬಡ್ಡಿ ಆಡಿದ ನಮ್ಮವರಿಗೆ ಅದು ಎಷ್ಟು ದೀರ್ಘ ಕಾಲವೆಂದು ಬಿಡಿಸಿ ಹೇಳಬೇಕಾಗಿಲ್ಲ. 30-30ಕ್ಕೆ ಏರುವ ವಾರ ಸುತ್ತುಗಳನ್ನು ಹತ್ತರಿಂದ ಆರಕ್ಕೆ ಇಳಿಸಿ, ಮತ್ತೆ ವಾರಕ್ಕೊಂದರಂತೆ ಏರಿಸಿ. ಹತ್ತು ಸುತ್ತು ತಲುಪಿದಾಗ ಸುಮಾರು ಇನ್ನೂರು ಬೀಸು ಹತ್ತು ನಿಮಿಷದಲ್ಲಿ ಮುಗಿದಿರುತ್ತವೆ. ಹೆಚ್ಚಿನವರು ಇಲ್ಲಿಯೇ ವರ್ಷಗಟ್ಟಲೆ ಇದ್ದರೂ ನಷ್ಟವೇನಿಲ್ಲ, ನಾನೂ ಇಲ್ಲಿಯೇ ಇದ್ದೇನೆ.

ಮೂರನೆಯ ಹಂತ ಆರೇಳು ತಿಂಗಳು ತಪ್ಪದೆ ಮಾಡಿದವರಿಗೆ ಮಾತ್ರ, ಮತ್ತು ಅದರಲ್ಲಿ ಮೂರು ದಾರಿಗಳಿವೆ. ಒಂದು, ಗುಂಡಿನ ತೂಕ ಹೆಚ್ಚಿಸುವುದು. 8ರಿಂದ 12 ಕಿಲೋಗೆ ಹೋಗುವುದೆಂದರೆ ಒಂದೇ ಜಿಗಿತಕ್ಕೆ ಅರ್ಧದಷ್ಟು ಭಾರ ಹೆಚ್ಚಿದಂತೆ. 12ರಿಂದ 16ಕ್ಕೆ ಮೂರನೇ ಒಂದರಷ್ಟು. ಆದ್ದರಿಂದ ಹೊಸ ಗುಂಡು ಕೈಗೆ ಬಂದ ದಿನ ಯಾರೇ ಆದರೂ 15-45ಕ್ಕೆ, ಆರು ಸುತ್ತಿಗೆ ಮರಳಬೇಕು. ಇದನ್ನು ಅವಮಾನವೆಂದು ತಿಳಿಯುವವರೇ ಬೆನ್ನು ಹಿಡಿದುಕೊಂಡು ಬರುತ್ತಾರೆ. ಎರಡು, ಒಂದೇ ಕೈಯ ಸ್ವಿಂಗ್. ಇಲ್ಲಿ ಗುಂಡು ಮೈಯನ್ನು ಒಂದು ಬದಿಗೆ ತಿರುಗಿಸಲು ನೋಡುತ್ತದೆ, ತಿರುಗದಂತೆ ತಡೆಯುವುದೇ ಹೊಟ್ಟೆ ಮತ್ತು ಪಕ್ಕೆಗೆ ವ್ಯಾಯಾಮ. ಒಂದು ಸುತ್ತು ಬಲಗೈ, ಮುಂದಿನ ಸುತ್ತು ಎಡಗೈ ಎಂದು ಬದಲಿಸುತ್ತ 20-40ರಲ್ಲಿ ಆರಂಭಿಸಿ.

ಮೂರನೆಯದು 20 ಸೆಕೆಂಡ್ ಕೆಲಸ, 10 ಸೆಕೆಂಡ್ ವಿರಾಮದ ಎಂಟು ಸುತ್ತು, ಒಟ್ಟು ನಾಲ್ಕು ನಿಮಿಷ. ಜಿಮ್‌ಗಳಲ್ಲಿ ಇದನ್ನು ತಬಾಟಾ ಎಂದು ಕರೆಯುತ್ತಾರೆ. ಜಪಾನಿನ ಇಝುಮಿ ತಬಾಟಾ ಅವರ 1996ರ ಅಧ್ಯಯನದಲ್ಲಿ ಇದನ್ನು ಮಾಡಿಸಿದ್ದು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ, ಅದೂ ಏಳೆಂಟು ಸುತ್ತಿಗೇ ಕಾಲು ಸೋತುಬಿಡುವಷ್ಟು ತೀವ್ರತೆಯಲ್ಲಿ. ಸೈಕಲ್ ಮೇಲೆ ಸೋತರೆ ತುಳಿಯುವುದು ನಿಲ್ಲುತ್ತದೆ, ಅಷ್ಟೇ. ಕೈಯಲ್ಲಿ ಬೀಸುವ ಗುಂಡಿರುವಾಗ ಸೋಲುವುದು ಬೇರೆ ಮಾತು. ಆದಕಾರಣ ಇದನ್ನು ನಿಮ್ಮ ರೂಢಿಯ ಗುಂಡಿಗಿಂತ ಒಂದು ಮೆಟ್ಟಿಲು ಹಗುರವಾದುದರಲ್ಲಿ, ವಾರಕ್ಕೆ ಒಂದೇ ದಿನ, ನಾಲ್ಕು ಸುತ್ತಿನಿಂದ ಆರಂಭಿಸಿ ಮಾಡಬೇಕು. ಹತ್ತು ಸೆಕೆಂಡಿನಲ್ಲಿ ಮಗ್ಗಿ ಹೇಳಲು ಆಗುವುದಿಲ್ಲವಾದ್ದರಿಂದ ಇಲ್ಲಿ ಹಿಡಿತವೇ ಅಳತೆ: ಬೆರಳು ಸಡಿಲಾಯಿತೆಂದು ಅನಿಸಿದೊಡನೆ ಗುಂಡು ಕೆಳಗಿಡಿ. ನನ್ನನ್ನು ಕೇಳಿದರೆ, ಇದನ್ನು ಬಿಟ್ಟರೂ ಯಾವ ಕೊರತೆಯೂ ಆಗುವುದಿಲ್ಲ.

ಅರವತ್ತು ದಾಟಿದವರಿಗೆ ಹಂತಗಳ ಗೊಡವೆಯೇ ಬೇಡ. ನಮ್ಮ ಕಟ್ಟಡದ ನಿವೃತ್ತರೊಬ್ಬರು ವೈದ್ಯರನ್ನು ಕೇಳಿಯೇ ಆರಂಭಿಸಿ, ಒಂದು ವರ್ಷದಿಂದ 8 ಕಿಲೋದ ಗುಂಡಿನಲ್ಲಿ ನಿಮಿಷಕ್ಕೆ ಆರು ಬೀಸಿನಂತೆ ಎಂಟು ನಿಮಿಷ ಮಾಡುತ್ತಿದ್ದಾರೆ; ಒಂದು ಬೀಸನ್ನೂ ಹೆಚ್ಚಿಸಿಲ್ಲ. ನಿಲ್ದಾಣದ ಪಾದಚಾರಿ ಸೇತುವೆಯನ್ನು ನಡುವೆ ನಿಲ್ಲದೆ ಹತ್ತುವುದು ಅವರ ಗುರಿಯಾಗಿತ್ತು, ಅದು ಈಡೇರಿದೆ. ಸ್ವಿಂಗ್ ಧೈರ್ಯವಾಗದಿದ್ದರೆ ಗುಂಡನ್ನು ಎತ್ತರದ ಮಣೆಯ ಮೇಲಿಟ್ಟು ಡೆಡ್‌ಲಿಫ್ಟ್ ಮಾತ್ರ ಮಾಡಿದರೂ ಕಾಲು ಮತ್ತು ಬೆನ್ನಿಗೆ ಸಾಕಷ್ಟು ಕೆಲಸ ಸಿಗುತ್ತದೆ.

ವಾರದ ಉಳಿದ ದಿನಗಳು, ಸೆಕೆ, ಅಂಗೈ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ, ಅದರ ಜೊತೆಗೆ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನು ಹೇಳುತ್ತದೆ. ಮೂರು ದಿನದ ಸ್ವಿಂಗ್‌ನಿಂದ ನಮಗೆ ದಕ್ಕುವುದು ಅರ್ಧ ತಾಸಿನ ಇಂಟರ್ವಲ್ ಅಷ್ಟೇ. ಉಳಿದದ್ದನ್ನು ನಡಿಗೆಯಿಂದ ತುಂಬಿಸಿ. ನಿಲ್ದಾಣದಿಂದ ಮನೆಗೆ ರಿಕ್ಷಾ ಬಿಟ್ಟು ಚುರುಕಾಗಿ ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಸ್ವಿಂಗ್‌ನಲ್ಲಿ ತಳ್ಳುವ ಕೆಲಸವಿಲ್ಲದ ಕಾರಣ ಬಿಡುವಿನ ದಿನಗಳಲ್ಲಿ ಒಂದಿಷ್ಟು ದಂಡ ಹೊಡೆಯುವುದು ಒಳ್ಳೆಯದು.

ಮುಂಬಯಿಯ ಹವೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯುವುದೂ ನಿಧಾನ. ಪುಣೆಯಲ್ಲಿರುವ ನನ್ನ ತಮ್ಮ ಡಿಸೆಂಬರ್‌ನಲ್ಲಿ ಮಾಡುವಷ್ಟನ್ನು ನಾನಿಲ್ಲಿ ಮೇ ಅಥವಾ ಅಕ್ಟೋಬರ್‌ನಲ್ಲಿ ಮಾಡಲು ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಸುತ್ತುಗಳನ್ನು ಕಾಲುಭಾಗ ಇಳಿಸಿ, ಬೆಳಿಗ್ಗೆ ಏಳರೊಳಗೆ ಮುಗಿಸುತ್ತೇನೆ. ಮಾಡಿದ ನಂತರ ಉಪ್ಪು ಹಾಕಿದ ನೀರು ಮಜ್ಜಿಗೆ ಒಂದು ದೊಡ್ಡ ಲೋಟ ಸಾಕು, ಉಪ್ಪು ಮಿತಿಯಲ್ಲಿಡಲು ವೈದ್ಯರು ಹೇಳಿದ್ದರೆ ಬರೀ ಮಜ್ಜಿಗೆಯೇ ಆಗಬಹುದು. ಊಟವಾಗಿ ಎರಡು ತಾಸಾದರೂ ಕಳೆದಿರಬೇಕು. ಮಳೆಗಾಲದಲ್ಲಿ ಹಿಡಿ ಜಾರುವುದರಿಂದ ಪ್ರತಿ ವಿರಾಮದಲ್ಲಿಯೂ ಒಣ ಬಟ್ಟೆಯಿಂದ ಕೈ ಮತ್ತು ಹಿಡಿ ಎರಡನ್ನೂ ಒರೆಸಿಕೊಳ್ಳಿ. ಚಾಕ್ ಪುಡಿ ಒಂದು ಚಿಟಿಕೆ ಸಾಕು, ಟ್ಯಾಲ್ಕಂ ಪೌಡರ್ ಮಾತ್ರ ಬೇಡ, ಅದು ಇನ್ನಷ್ಟು ಜಾರಿಸುತ್ತದೆ. ಅಂಗೈಯಲ್ಲಿ ಎದ್ದ ಜಡ್ಡನ್ನು ಸ್ನಾನದ ನಂತರ ಉಜ್ಜುವ ಕಲ್ಲಿನಿಂದ ಮೆಲ್ಲನೆ ತಿಕ್ಕಿ ಸಮ ಮಾಡಿಕೊಂಡರೆ ಅದು ಕಿತ್ತುಬರುವುದಿಲ್ಲ.

ಮರುದಿನ ಪೃಷ್ಠದಲ್ಲಿ, ತೊಡೆಯ ಹಿಂಭಾಗದಲ್ಲಿ ಮಂದವಾದ ನೋವಿದ್ದರೆ ಅದು ಸರಿಯಾದ ಜಾಗದ ನೋವು. ಕೆಳಬೆನ್ನಿನಲ್ಲಿ ಚುಚ್ಚುವ ನೋವು ಬಂದರೆ ಒಂದು ವಾರ ಬಿಟ್ಟು, ಗೋಡೆಯೆದುರಿನ ಅಭ್ಯಾಸದಿಂದ ಮತ್ತೆ ಆರಂಭಿಸಿ. ಕಾಲಿಗೆ ಇಳಿಯುವ ನೋವು ಅಥವಾ ಜೋಮು, ಎದೆಯಲ್ಲಿ ಬಿಗಿತ, ತಲೆ ತಿರುಗುವಿಕೆ ಇವುಗಳಲ್ಲಿ ಯಾವುದೇ ಕಂಡರೂ ಗುಂಡನ್ನು ಕೆಳಗಿಟ್ಟು ವೈದ್ಯರನ್ನು ಕಾಣಬೇಕು, ಎದೆಯ ಬಿಗಿತವಾದರೆ ತಡಮಾಡದೆ ಆ ಕ್ಷಣವೇ.

ವ್ಯಾಯಾಮ ಮುಗಿದ ಮೇಲೆ ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಸುತ್ತುಗಳ ಸಂಖ್ಯೆಯನ್ನೂ ಮಗ್ಗಿ ತುಂಡಾದ ಸುತ್ತನ್ನೂ ಬರೆದಿಡಿ. ಹಂತ ಏರಬೇಕೋ ಇಳಿಯಬೇಕೋ ಎಂಬುದಕ್ಕೆ ಅದೇ ಆಧಾರ. ಗುಂಡನ್ನು ಮಾತ್ರ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಬಿಡದೆ ಸೋಫಾದ ಕೆಳಗೆ ಉರುಳಿಸಿಡಿ. ಕತ್ತಲಲ್ಲಿ ಎದ್ದವರ ಕಾಲ್ಬೆರಳಿಗೆ ಅದು ಸಿಕ್ಕರೆ, ಮರುದಿನದಿಂದ ಅದಕ್ಕೆ ಆ ಮನೆಯಲ್ಲಿ ಜಾಗವಿರುವುದಿಲ್ಲ.